ಹಸಿರು ಸುತ್ತಿನ ಕಾಯಿ

ಕಳೆದ ವಾರ ಪಕ್ಕದ ಮನೆಯ ಅಟ್ಟ ಹತ್ತಿದೆ. ಹೆಂಚು ಇಳಿಸಿ ತಾರಸಿ ಹಾಕಿಸುತ್ತಿದ್ದಾರೆ, ಅದಕ್ಕೆ ಮೊದಲು ಅಟ್ಟ ಖಾಲಿಯಾಗಬೇಕು, ಮೇಲೇನಿದೆ ನೋಡಿಕೊಡಮ್ಮ ಎಂದು ಆ ಮನೆಯ ಮಾವ ಬಂದು ಕೇಳಿದ್ದರು. ಅವರಿಗೆ ಮಂಡಿನೋವು, ಏಣಿ ಹತ್ತಲಾರರು. ನಾನು ತಲೆಗೊಂದು ಬಟ್ಟೆ ಕಟ್ಟಿಕೊಂಡು ಹತ್ತಿದೆ. ತಲೆ ಅಟ್ಟದ ಬಾಯಿ ದಾಟುತ್ತಲೇ ಆ ವಾಸನೆ ಮುಖಕ್ಕೆ ಬಂತು. ಹಳೆಯ ಕೊಬ್ಬರಿ, ಹೊಗೆ, ಒಣಗಿದ ಮಟ್ಟೆ, ಇಲಿ... ನಮ್ಮ ಕಡೆ ಯಾರ ಮನೆಯ ಅಟ್ಟಕ್ಕೆ ಹೋದರೂ ಇರುವ ವಾಸನೆಯೇ. ಆದರೂ ಒಂಬತ್ತು ವರ್ಷ ಆ ಏಣಿಯ ಮೇಲೆ ಕಾಲಿಟ್ಟಿರದ ನನಗೆ ಒಂದು ಗಳಿಗೆ ಮುಂದಕ್ಕೆ ಹೋಗಲು ಆಗಲಿಲ್ಲ.

ಅಟ್ಟದಲ್ಲಿ ಹೆಚ್ಚೇನೂ ಇರಲಿಲ್ಲ. ಮಾವ ಈಗ ಕಾಯನ್ನು ಅಟ್ಟಕ್ಕೆ ಹಾಕುವುದಿಲ್ಲ, ಕೆಡವಿದ್ದನ್ನು ತೋಟದಲ್ಲೇ ವ್ಯಾಪಾರದವರಿಗೆ ಕೊಟ್ಟುಬಿಡುತ್ತಾರೆ. ಮುರಿದ ಕುಕ್ಕೆ, ಒಂದು ಹಳೇ ಕೊಳಗ, ಹರಿದ ಗೋಣಿಚೀಲಗಳು. ಅವನ್ನೆಲ್ಲ ಕೆಳಕ್ಕೆ ಹಾಕಿದ ಮೇಲೆ ಮೂಲೆಯ ಜಂತಿ ಕಡೆ ನೋಡಿದೆ. ಅಲ್ಲಿ ಹರಿದ ವಾಲಿಬಾಲ್ ನೆಟ್ಟಿನ ತುಂಡೊಂದು ಚೀಲದ ಹಾಗೆ ಇನ್ನೂ ನೇತಾಡುತ್ತಿತ್ತು. ಅದರೊಳಗೆ ಒಂದೇ ಒಂದು ಕಾಯಿ. ಧೂಳು ಒರೆಸಿದೆ. ಮಟ್ಟೆಯ ಮೇಲೆ ಹಸಿರು ಪೇಂಟಿನ ಸುತ್ತು, ಅರ್ಧ ಅಳಿಸಿಹೋಗಿತ್ತು.

ಆ ಸುತ್ತು ಹಾಕಿದವರು ದೊಡ್ಡಮ್ಮ.

ನಮ್ಮ ಮನೆಯವರಿಗೆ ಅವರು ರಕ್ತಸಂಬಂಧದ ದೊಡ್ಡಮ್ಮನಲ್ಲ, ಪಕ್ಕದ ಮನೆಯವರು, ಮಾವನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ಊರಿನವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ಮದುವೆಯಾಗಿ ಬಂದ ನಾನೂ ಹಾಗೇ ಕರೆದೆ. ಹಂದನಕೆರೆಯಿಂದ ಒಳಕ್ಕೆ ಮೂರು ಮೈಲಿ ಇರುವ ಸಣ್ಣ ಊರು ನಮ್ಮದು. ಬಂದ ಹೊಸದರಲ್ಲಿ ನನಗೆ ಸಂಜೆಯಾದರೆ ಎದೆ ಭಾರವಾಗುತ್ತಿತ್ತು. ಅಂಥ ಒಂದು ಸಂಜೆ ಗೋಡೆಯಾಚೆಯಿಂದ ದಪ್ ದಪ್ ಎಂದು ಸದ್ದು ಕೇಳಿ ಎದ್ದು ನೋಡಿದೆ. ಅವರ ರಾಗಿ ಕಣದಲ್ಲಿ ಹುಡುಗರು, ಗಂಡಸರು ವಾಲಿಬಾಲ್ ಆಡುತ್ತಿದ್ದರು. ನಮ್ಮವರೂ ಅಲ್ಲಿದ್ದರು. ಅಡಿಕೆ ಅಗಿಯುತ್ತಾ ಗೋಡೆಗೊರಗಿ ನಿಂತಿದ್ದ ಮುದುಕಿಯೊಬ್ಬರು ನನ್ನ ಕಡೆ ತಿರುಗಿ, ನಿನ್ನ ಗಂಡ ಶಾಟ್ ಚೆನ್ನಾಗಿ ಹೊಡೀತಾನೆ, ಎಗರೋದು ಮಾತ್ರ ಎಮ್ಮೆ ಎಗರಿದಂಗೆ ಎಂದರು. ಈ ಊರಿನಲ್ಲಿ ನಾನು ಮನಸಾರೆ ನಕ್ಕದ್ದು ಅದೇ ಮೊದಲು.

ಆ ಮುದುಕಿಯೇ ದೊಡ್ಡಮ್ಮ. ಕಣವನ್ನು ಆಟಕ್ಕೆ ಬಿಟ್ಟವರು ಅವರೇ. ಗಂಡ ತೀರಿಕೊಂಡು ಇಲ್ಲಿಗೆ ಬಂದ ವರ್ಷ ರಾಗಿ ಒಕ್ಕಣೆ ಮುಗಿದ ಮೇಲೆ ಕಣ ಬಣಗುಡುತ್ತಿತ್ತಂತೆ. ಹುಡುಗರು ಬಂದು ಕೇಳಿದಾಗ ತಮ್ಮ ಬೇಡ ಎಂದರೂ ಇವರು, ಇರ್ಲಿ ಬುಡು, ಸದ್ದಾದ್ರೂ ಇರ್ತದೆ ಎಂದು ಒಪ್ಪಿದ್ದರಂತೆ. ಆಮೇಲೆ ಆ ಸದ್ದೇ ಅವರಿಗೆ ರೂಢಿಯಾಯಿತು. ಒಕ್ಕಣೆ ಮುಗಿದ ಮಾರನೇ ದಿನವೇ ಸಗಣಿ ನೀರು ಹಾಕಿ ಸಾರಿಸಿಕೊಟ್ಟು, ಬೂದಿ ಎಳೆದು ಗೆರೆ ಹಾಕಿಸುತ್ತಿದ್ದರು.

ಕಣದ ಅಂಚಿನಲ್ಲಿ ಎದುರುಬದುರು ಎರಡು ತೆಂಗಿನ ಮರ. ನೆಟ್ ಕಟ್ಟುತ್ತಿದ್ದದ್ದು ಅವಕ್ಕೇ. ಇದರಿಂದ ನಮ್ಮ ತಂಡಕ್ಕೆ ಬೇರೆ ಯಾರಿಗೂ ಇಲ್ಲದ ಒಂದು ಅಭ್ಯಾಸ ಬಂದಿತ್ತು. ಎರಡೂ ಮರದ ಗರಿ ನೆಟ್ಟಿನ ಮೇಲಕ್ಕೆ ಬಾಗಿದ್ದವು. ಚೆಂಡನ್ನು ಎತ್ತರಕ್ಕೆ ಎತ್ತಿದರೆ ಗರಿಗೆ ತಾಗಿ ಆಟ ನಿಲ್ಲುತ್ತಿತ್ತು. ಹಾಗಾಗಿ ನಮ್ಮ ಲಿಫ್ಟರ್ ಚೆಂಡನ್ನು ನೆಟ್ಟಿನ ಮೇಲೆ ಒಂದು ಮೊಳಕ್ಕಿಂತ ಎತ್ತರಕ್ಕೆ ಎತ್ತುತ್ತಲೇ ಇರಲಿಲ್ಲ. ಎತ್ತಿದ್ದು ಗೊತ್ತಾಗುವುದರೊಳಗೆ ಹೊಡೆತ ಬಿದ್ದಿರುತ್ತಿತ್ತು. ಎಷ್ಟೋ ತಂಡಗಳು ಇದರಿಂದಲೇ ನಮಗೆ ಸೋತವು. ಆದರೆ ದೊಡ್ಡ ಬಯಲಿನಲ್ಲಿ, ಎತ್ತರದ ಆಳುಗಳು ಎದುರಿಗೆ ನಿಂತು ಬ್ಲಾಕ್ ಮಾಡಿದಾಗ, ಮೇಲೆ ಇಡೀ ಆಕಾಶ ಖಾಲಿ ಇದ್ದರೂ ನಮ್ಮವರ ಕೈ ಎತ್ತರಕ್ಕೆ ಏಳುತ್ತಿರಲಿಲ್ಲ. ಮರ ಕಡಿಸಿಬಿಡಿ ದೊಡ್ಡಮ್ಮ ಎಂದು ಯಾರೋ ಒಮ್ಮೆ ಅಂದದ್ದಕ್ಕೆ ಅವರು ಆ ಹುಡುಗನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು. ಫಲ ಬಿಡೋ ಮರಕ್ಕಿಂತ ಕಪ್ ದೊಡ್ಡದೇನ್ಲಾ ಎಂದಿದ್ದರಂತೆ. ಆದರೆ ಕಪ್ ದೊಡ್ಡದು ಎಂದು ಅವರಷ್ಟು ತಿಳಿದವರು ಊರಿನಲ್ಲಿ ಯಾರೂ ಇರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಚಿಕ್ಕನಾಯಕನಹಳ್ಳಿಯಲ್ಲಿ ಟೂರ್ನಮೆಂಟು. ವರ್ಷಕ್ಕೊಂದೇ. ದೊಡ್ಡಮ್ಮ ಬೆಳಗಿನ ಬಸ್ಸಿಗೇ ಹೊರಡುತ್ತಿದ್ದರು, ಎರಡನೇ ವರ್ಷದಿಂದ ನನ್ನನ್ನೂ ಹೊರಡಿಸಿದರು. ಹೆಂಗಸರು ಆಟ ನೋಡಲು ಹೋಗುವ ರೂಢಿ ಇರಲಿಲ್ಲ. ಬಯಲಿನ ಕಾಂಪೌಂಡಿನ ಹೊರಗೆ ನಿಂತು ಗೋಡೆಯ ಮೇಲಿಂದ ನೋಡುತ್ತಿದ್ದೆವು. ಅವರು ಕುಳ್ಳು, ಕಾಲ ಕೆಳಗೆ ಎರಡು ಸೈಜುಗಲ್ಲು ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಪಕ್ಕದಲ್ಲಿ ನಿಂತಿದ್ದವನೊಬ್ಬ, ಅಜ್ಜಿ, ಇದ್ರಲ್ಲಿ ನಿಮ್ಮ ಮೊಮ್ಮಗ ಯಾರು ಎಂದು ನಗಾಡಿದ. ಆರೂ ಜನಾನೂ ಕಣಪ್ಪ, ನಿಮ್ಮಜ್ಜಿಗೆ ಎಷ್ಟು ಎಂದು ಇವರು ಕೇಳಿದರು. ಅವನು ಜಾಗ ಬದಲಾಯಿಸಿದ.

ಪ್ರತಿ ವರ್ಷ ಸೋಲುತ್ತಿದ್ದೆವು. ಒಂದು ವರ್ಷ ಮೊದಲ ಆಟದಲ್ಲೇ, ಒಂದು ವರ್ಷ ಸೆಮಿಫೈನಲಿನಲ್ಲಿ. ಮಾರನೇ ದಿನ ಬೆಳಗ್ಗೆ ದೊಡ್ಡಮ್ಮ ಎದ್ದು ಕಣಕ್ಕೆ ಹೋಗಿ, ನೆಟ್ ಕಟ್ಟುವ ಆ ಎರಡು ಮರಗಳ ಬಲಿತ ಕಾಯಿಗಳಲ್ಲಿ ಆರನ್ನು ಆರಿಸಿ ತರುತ್ತಿದ್ದರು. ಬಾಗಿಲಿಗೆ ಬಳಿದು ಮಿಕ್ಕ ಹಸಿರು ಪೇಂಟಿನ ಡಬ್ಬಿಯೊಂದು ಅವರ ಬಳಿ ಇತ್ತು. ಅವರಿಗೆ ಓದು ಬರಹ ಇರಲಿಲ್ಲ. ಆದ್ದರಿಂದ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಗುರುತು. ಲಿಫ್ಟರಿಗೆ ಕೈಯೆರಡು ಎಂದು ಜೋಡಿ ಗೆರೆ. ಸದಾ ಬೀಳುತ್ತಿದ್ದ ಒಬ್ಬನಿಗೆ ಅಡ್ಡ ಗೆರೆ. ನಮ್ಮವರದ್ದು ದೊಡ್ಡ ತಲೆ, ಅದಕ್ಕೆ ಒಂದು ಸುತ್ತು. ಆರನ್ನೂ ಹರಿದ ನೆಟ್ಟಿನ ತುಂಡಿನಲ್ಲಿ ಕಟ್ಟಿ, ಇಲಿಗೆ ಸಿಗದ ಹಾಗೆ ಅಟ್ಟದ ಜಂತಿಗೆ ನೇತುಹಾಕುತ್ತಿದ್ದರು.

ನಮ್ಮ ಕಡೆ ಕೊಬ್ಬರಿ ಹಾಗೆಯೇ ಆಗುವುದು. ಕಾಯನ್ನು ಮಟ್ಟೆ ಸಮೇತ ಅಟ್ಟದಲ್ಲಿಟ್ಟರೆ ಹನ್ನೊಂದು ತಿಂಗಳೋ, ಒಂದು ವರ್ಷವೋ, ಒಳಗಿನ ನೀರೆಲ್ಲ ಇಂಗಿ ಗಿಟುಕು, ಅಂದರೆ ಕೊಬ್ಬರಿಯ ಉಂಡೆ, ಚಿಪ್ಪನ್ನು ಬಿಡುತ್ತದೆ. ಕುಲುಕಿದರೆ ಗಡಗಡ ಎನ್ನುತ್ತದೆ. ಆ ಸದ್ದು ಬರುವವರೆಗೆ ಯಾರೂ ಒಡೆಯುವುದಿಲ್ಲ. ಆತುರಕ್ಕೆ ಒಡೆದರೆ ಅದು ಕಾಯೂ ಅಲ್ಲ, ಕೊಬ್ಬರಿಯೂ ಅಲ್ಲ. ಸೋತ ಮಾರನೇ ದಿನ ಹಾಕಿದ ಕಾಯಿ ಸರಿಯಾಗಿ ಮುಂದಿನ ಟೂರ್ನಮೆಂಟಿನ ಹೊತ್ತಿಗೆ ಸದ್ದು ಮಾಡುತ್ತಿತ್ತು. ಹೊರಡುವ ದಿನ ದೊಡ್ಡಮ್ಮ ಅವನ್ನು ಒಡೆದು, ಒಬ್ಬೊಬ್ಬರಿಗೂ ಅವರವರದೇ ಕೊಬ್ಬರಿ ಚೂರು, ಬೆಲ್ಲ ಕೊಡುತ್ತಿದ್ದರು.

ನಡುವೆ ಇಡೀ ವರ್ಷ ಅವರು ಅಟ್ಟ ಹತ್ತಿ ಕುಲುಕಿ ನೋಡುತ್ತಿದ್ದರು. ಇಳಿದು ಬಂದು ಗೋಡೆಯಾಚೆಯಿಂದ ನನಗೆ ವರದಿ. ಲಿಫ್ಟರ್ ಹದಕ್ಕೆ ಬತ್ತಾವ್ನೆ. ಅಡ್ಡ ಗೆರೆಯೋನು ಇನ್ನೂ ನೀರಲ್ಲೇ ಅವ್ನೆ, ಸೋಂಬೇರಿ. ಅವರು ಹೇಳುತ್ತಿದ್ದದ್ದು ಕಾಯಿಯ ವಿಷಯವೋ, ಹುಡುಗರ ವಿಷಯವೋ, ಎಷ್ಟೋ ಸಲ ನನಗೆ ತಿಳಿಯುತ್ತಿರಲಿಲ್ಲ. ಅವರ ತಮ್ಮ, ನಮ್ಮಕ್ಕನಿಗೆ ಹುಚ್ಚು ಎಂದು ಎದುರಿಗೇ ಅನ್ನುತ್ತಿದ್ದರು. ದೊಡ್ಡಮ್ಮ ಇಲ್ಲ ಎನ್ನುತ್ತಿರಲಿಲ್ಲ.

ಒಂದು ವರ್ಷ ಫೈನಲ್ ತಲುಪಿದೆವು. ಎದುರಿಗೆ ತುರುವೇಕೆರೆ ಕಡೆಯ ತಂಡ, ಎಲ್ಲರೂ ಎತ್ತರದವರು. ಎರಡೆರಡು ಸೆಟ್ ಸಮವಾಗಿ ಐದನೇ ಸೆಟ್ಟಿಗೆ ಹೋಯಿತು. ದೊಡ್ಡಮ್ಮ ನನ್ನ ಮುಂಗೈ ಹಿಡಿದಿದ್ದರು. ಕೊನೆಯಲ್ಲಿ ಚೆಂಡು ಎಂದಿನಂತೆ ಒಂದು ಮೊಳ ಮಾತ್ರ ಎದ್ದಿತು, ನಮ್ಮವರು ಎಗರಿ ಹೊಡೆದರು, ಎದುರಿಗಿದ್ದ ನಾಲ್ಕು ಕೈಗೆ ಬಡಿದು ಅದು ನಮ್ಮ ಕಡೆಯೇ ಬಿತ್ತು. ಎರಡು ಪಾಯಿಂಟಿನಲ್ಲಿ ಹೋಯಿತು. ಮನೆಗೆ ಬಂದು ಬಳೆ ನೋಡಿಕೊಂಡರೆ ಮೂರು ಒಡೆದಿದ್ದವು, ಯಾವಾಗ ಒಡೆದವೋ ಗೊತ್ತಾಗಿರಲಿಲ್ಲ.

ಮಾರನೇ ಬೆಳಗ್ಗೆ ನಮ್ಮವರು ಜಗಲಿಯಲ್ಲಿ ಕೂತು, ಸಾಕು, ಇನ್ನು ಆಡಲ್ಲ ಎಂದರು. ಅವರಿಗೆ ಆಗ ಮೂವತ್ತನಾಲ್ಕು. ಬಲ ಭುಜ ಎರಡು ವರ್ಷದಿಂದ ನೋಯುತ್ತಿತ್ತು. ಊರಿಗೆಲ್ಲ ಅದು ಅವರ ತೀರ್ಮಾನ ಎಂದೇ ಗೊತ್ತು. ಆದರೆ ಹಿಂದಿನ ಸಂಜೆ ಎಣ್ಣೆ ಹಚ್ಚುತ್ತಾ ಅವರಿಂದ ಮಾತು ತೆಗೆದುಕೊಂಡಿದ್ದವಳು ನಾನು. ಕೊಡ ಎತ್ತಲಾರದ ಕೈಯಲ್ಲಿ ತೋಟದ ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದ್ದೆ. ಕೇಳಿದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ. ಅದನ್ನು ದೊಡ್ಡಮ್ಮನಿಗೆ ಹೇಳದೆ ಬಚ್ಚಿಟ್ಟೆನಲ್ಲ, ಅದು...

ಆ ವರ್ಷ ದೊಡ್ಡಮ್ಮ ಐದೇ ಕಾಯಿ ಹಾಕಿದರು. ಎರಡು ತಿಂಗಳು ಹಾಗೇ ಕಳೆದವು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ದಿನ ಪೇಂಟಿನ ಡಬ್ಬಿ ಹಿಡಿದು ಕೂತಿದ್ದರು, ಮುಂದೆ ಒಂದು ಕಾಯಿ. ನಮ್ಮವರು ಇನ್ನೂ ಒಪ್ಪಿಲ್ಲವಲ್ಲ ದೊಡ್ಡಮ್ಮ ಎಂದೆ. ಅವರು ಸುತ್ತು ಹಾಕುವುದನ್ನು ನಿಲ್ಲಿಸದೆ ಹೇಳಿದರು.

“ಅವನು ಒಪ್ಲಿ ಬುಡ್ಲಿ, ಕಾಯಿ ಅಂತೂ ಹಾಕಿರ್ತೀನಿ ಕಣೇ. ಸದ್ದು ಮಾಡಿದ್ ದಿನ ತಗೊಂಡು ಬಂದು ಅವನ ಮುಂದೆ ಇಡ್ತೀನಿ. ಅವಾಗ್ಲೂ ಒಲ್ಲೆ ಅಂದ್ರೆ ಅನ್ಲಿ.”

ಇನ್ನೊಂದೇ ಒಂದು ವರ್ಷ ಅವನು ಆಡಿದರೆ ಕಪ್ ಬರುತ್ತದೆ ಎಂದು ಅವರಿಗೆ ಗಟ್ಟಿಯಾಗಿತ್ತು. ಲಿಫ್ಟರಿಗೆ ಎತ್ತರಕ್ಕೆ ಎತ್ತುವುದನ್ನು ಕಲಿಸಲು ತಾವೇ ನಿಂತು ಮರದ ತಗ್ಗಿನ ಗರಿಗಳನ್ನು ಕೊಯ್ಯಿಸಿದರು. ಮರ ಕಡಿಸಬೇಕೆಂದಿದ್ದ ಹುಡುಗನೇ ಮರ ಹತ್ತಿದ್ದ. ಸಂಜೆ ಆಟ ನಡೆಯುವಾಗ ನಮ್ಮವರು ಒಳಗೇ ಕೂತಿರುತ್ತಿದ್ದರು. ಚೆಂಡಿನ ಸದ್ದಿಗೆ ಅವರ ಬಲಗೈ ತೊಡೆಯ ಮೇಲೆ ಅಲುಗುವುದನ್ನು ನಾನು ನೋಡುತ್ತಿದ್ದೆ. ನೋಡಿಯೂ ಸುಮ್ಮನಿರುತ್ತಿದ್ದೆ.

ಕಾರ್ತಿಕದ ಹೊತ್ತಿಗೆ ದೊಡ್ಡಮ್ಮನಿಗೆ ಉಸಿರು ಕಟ್ಟತೊಡಗಿತು. ತಿಪಟೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎದೆ ದಣಿದಿದೆ, ಏಣಿ ಗೀಣಿ ಹತ್ತಬಾರದು ಎಂದರಂತೆ ಡಾಕ್ಟರು. ಅಂದಿನಿಂದ ಅಟ್ಟ ಹತ್ತುವ ಕೆಲಸ ನನಗೆ ಬಂತು. ನಾನು ಮೇಲೆ ಕೂತು ಒಂದೊಂದೇ ಕಾಯಿ ಕುಲುಕುವುದು, ಅವರು ಏಣಿಯ ಬುಡದಲ್ಲಿ ನಿಂತು ಕೇಳುವುದು. ಕುಲುಕು ಎನ್ನುತ್ತಿದ್ದರು, ಕುಲುಕುತ್ತಿದ್ದೆ. ಹೂಂ, ಮುಂದಕ್ಕೆ ಎನ್ನುತ್ತಿದ್ದರು. ಕತ್ತು ಎತ್ತಿ, ಕಣ್ಣು ಮುಚ್ಚಿ, ಒಂದು ಕಿವಿ ಮೇಲಕ್ಕೆ ಕೊಟ್ಟು ನಿಂತ ಆ ಮುಖ... ಮೇಲಿಂದ ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತಿತ್ತು.

ಸಂಕ್ರಾಂತಿ ಕಳೆದು ಒಂದು ತಿಂಗಳಿಗೆ ಐದು ಕಾಯಿಯೂ ಒಂದೊಂದಾಗಿ ಸದ್ದು ಮಾಡಿದವು. ಸುತ್ತಿನ ಕಾಯಿ ಮಾಡಲಿಲ್ಲ. ಎರಡು ತಿಂಗಳು ತಡವಾಗಿ ಹಾಕಿದ್ದು, ಎಲ್ಲಿಂದ ಮಾಡೀತು? ಒಳಗೆ ನೀರು ಬುಳಕ್ ಬುಳಕ್ ಎನ್ನುತ್ತಿತ್ತು. ದೊಡ್ಡಮ್ಮ ಹೂಂ ಅನ್ನುತ್ತಿರಲಿಲ್ಲ, ಮುಂದಕ್ಕೆ ಅನ್ನಲು ಬೇರೆ ಕಾಯಿಯೂ ಇರಲಿಲ್ಲ. ಸುಮ್ಮನೆ ಹೋಗಿ ಮಲಗುತ್ತಿದ್ದರು. ದಿನದಿಂದ ದಿನಕ್ಕೆ ಕಾಲು ಊದುತ್ತಿತ್ತು, ಊಟ ಸೇರುತ್ತಿರಲಿಲ್ಲ. ಶಿವರಾತ್ರಿ ಹತ್ತಿರ ಬರುತ್ತಿತ್ತು.

ಆಗ ನಾನು ಒಂದು ಕೆಲಸ ಮಾಡಿದೆ. ನಮ್ಮ ಅಟ್ಟದ ರಾಶಿಯಲ್ಲಿ ಚೆನ್ನಾಗಿ ಒಣಗಿದ್ದ ಕಾಯೊಂದನ್ನು ಆರಿಸಿದೆ. ಅವರ ಡಬ್ಬಿಯ ತಳದಲ್ಲಿ ಉಳಿದಿದ್ದ ಪೇಂಟನ್ನು ಬೆರಳಲ್ಲಿ ತೆಗೆದು ಅದರ ಮೇಲೆ ಒಂದು ಸುತ್ತು ಹಾಕಿದೆ. ಒಣಗಲು ಬಿಟ್ಟು, ಮಾರನೇ ದಿನ ಸೆರಗಿನಲ್ಲಿ ಮುಚ್ಚಿಕೊಂಡು ಅವರ ಅಟ್ಟ ಹತ್ತಿದೆ. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಏಣಿಯ ಬುಡಕ್ಕೆ ಬಂದು ನಿಂತರು. ಜೋರಾಗಿ ಕುಲುಕಿದೆ. ಗಡಗಡ ಎಂದಿತು. ಸದ್ದು ಬಂತು ದೊಡ್ಡಮ್ಮ ಎಂದೆ.

ಅವರು ಕಣ್ಣು ತೆರೆಯಲಿಲ್ಲ. ಇನ್ನೊಂದು ಸಲ ಎಂದರು. ಕುಲುಕಿದೆ. ಇಳಿ ಎಂದರು. ಇಳಿದೆ. ನನ್ನ ಬಲಗೈ ಹಿಡಿದು ಹೆಬ್ಬೆರಳು ತಿರುಗಿಸಿ ನೋಡಿದರು. ಉಗುರಿನ ಸಂದಿಯಲ್ಲಿ ಹಸಿರು ಉಳಿದಿತ್ತು.

“ಇದು ನಿಮ್ಮನೆ ಕಾಯಿ. ನಮ್ಮ ಮರದ್ದು ಸಣ್ಣ, ಸದ್ದೂ ಸಣ್ಣ,” ಎಂದರು. ಕೋಪ ಇರಲಿಲ್ಲ. ಅಲ್ಲೇ ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡರು. “ಸುಳ್ಳು ಸದ್ದು ಬ್ಯಾಡ ಕಣೇ. ನೀರೈತೆ ಅಂದ್ರೆ ನೀರೈತೆ ಅನ್ನು. ನೀರಿರೋದು ತಪ್ಪಲ್ಲ. ಇನ್ನೂ ಟೈಮೈತೆ ಅಂತ ಅದು, ಅಷ್ಟೆ.”

ನನಗೆ ಅಳು ಬಂತು. ಆಡಬೇಡಿ ಎಂದು ಅವರಿಗೆ ಹೇಳಿದವಳು ನಾನೇ ಎಂದೆ. ದೊಡ್ಡಮ್ಮ ನನ್ನ ಸೆರಗಿನಿಂದಲೇ ನನ್ನ ಹೆಬ್ಬೆರಳನ್ನು ಉಜ್ಜುತ್ತಿದ್ದರು. ಪೇಂಟ್ ಹೋಗುತ್ತಿರಲಿಲ್ಲ.

“ಗೊತ್ತು ಬುಡು. ಹೆಂಡ್ತಿ ಆದೋಳು ಹೇಳ್ಬೇಕಾದ್ದೇ. ನಾನು ಆಡು ಅನ್ಬೇಕು, ನೀನು ಬ್ಯಾಡ ಅನ್ಬೇಕು. ನಡುವೆ ಅವನು ಏನಾರ ಮಾಡ್ಕಳ್ಲಿ.”

ಟೂರ್ನಮೆಂಟಿಗೆ ಹತ್ತು ದಿನ ಇರುವಾಗ ದೊಡ್ಡಮ್ಮ ಹೋದರು. ಬೆಳಗ್ಗೆ ಬಿಸಿನೀರು ಕೇಳಿದ್ದರಂತೆ, ತರುವಷ್ಟರಲ್ಲಿ ಆಗಿಹೋಗಿತ್ತು. ಆವತ್ತು ಕಣದಲ್ಲಿ ನೆಟ್ ಬಿಚ್ಚಿ ಜನರಿಗೆ ಕೂರಲು ಚಾಪೆ ಹಾಸಿದರು. ನಮ್ಮವರು ಹೊರಲು ಹೆಗಲು ಕೊಟ್ಟರು, ಬಲ ಹೆಗಲನ್ನೇ ಕೊಟ್ಟರು. ಬದಲಾಯಿಸಿಕೊಳ್ಳಲು ಯಾರೋ ಬಂದರೂ ಬಿಡಲಿಲ್ಲ.

ಈ ವರ್ಷ ಹೋಗುವುದು ಬೇಡ ಎಂದು ಹುಡುಗರು ತೀರ್ಮಾನ ಮಾಡಿದ್ದರು. ಹುಚ್ಚು ಎನ್ನುತ್ತಿದ್ದ ಮಾವನೇ ಅವರನ್ನೆಲ್ಲ ಕರೆಸಿ, ಹೋಗದೆ ಇದ್ದರೆ ಆ ಕಾಯಿಗಳನ್ನು ನಾನೇನು ಮಾಡಲಿ ಎಂದು ಕೇಳಿದರು. ಹೊರಡುವ ದಿನ ಅವರೇ ಅಟ್ಟದಿಂದ ಐದನ್ನು ಇಳಿಸಿ ಒಡೆದರು. ಗಿಟುಕು ದುಂಡಗೆ ಇಡಿಯಾಗಿ ಬರುವಂತೆ ಒಡೆಯುವುದು ಅವರಿಗೆ ಅಕ್ಕನಷ್ಟು ಬರುತ್ತಿರಲಿಲ್ಲ, ಎರಡು ಚೂರಾದವು. ಐದು ಜನ ಕೊಬ್ಬರಿ ಬೆಲ್ಲ ಬಾಯಿಗೆ ಹಾಕಿಕೊಂಡರು. ನಮ್ಮವರು ಹಳೆಯ ಬನಿಯನ್ ಹಾಕಿಕೊಂಡು ಬಂದು ಅವರ ಪಕ್ಕ ನಿಂತದ್ದನ್ನು ನಾನು ಆಗ ನೋಡಿದೆ. ನನ್ನ ಕಡೆ ತಿರುಗಿ, ನಂದೆಲ್ಲಿ ಎಂದು ಕೇಳಿದರು.

“ನಿಮ್ದು ಇನ್ನೂ ನೀರೈತೆ,” ಎಂದೆ.

ಅವರು ಬೆಲ್ಲದ ಚೂರೊಂದನ್ನು ಮಾತ್ರ ಬಾಯಿಗೆ ಹಾಕಿಕೊಂಡರು. ಆಮೇಲೆ ಹೋಗಿ ಬಸ್ಸು ಹತ್ತಿದರು.

ಆ ವರ್ಷ ಸೆಮಿಫೈನಲಿನಲ್ಲಿ ಸೋತೆವು. ಲಿಫ್ಟರ್ ಚೆಂಡನ್ನು ಎತ್ತರಕ್ಕೆ ಎತ್ತುವುದನ್ನು ಕಲಿತಿದ್ದ, ಆದರೆ ನಮ್ಮವರ ಭುಜ ಅಷ್ಟೆತ್ತರಕ್ಕೆ ಏಳಲಿಲ್ಲ. ನಾನು ಕಾಂಪೌಂಡಿನ ಆಚೆ ಒಬ್ಬಳೇ ನಿಂತಿದ್ದೆ. ದೊಡ್ಡಮ್ಮ ಕಾಲ ಕೆಳಗೆ ಇಟ್ಟುಕೊಳ್ಳುತ್ತಿದ್ದ ಎರಡು ಸೈಜುಗಲ್ಲು ಗೋಡೆಯ ಪಕ್ಕದಲ್ಲೇ ಇದ್ದವು. ನಮ್ಮವರು ಇನ್ನೆರಡು ವರ್ಷ ಆಡಿದರು. ಬೇಡ ಎಂದು ನಾನು ಹೇಳುತ್ತಲೇ ಇದ್ದೆ, ಆದರೆ ಆಡು ಎನ್ನುವವರು ಇಲ್ಲದ ಮೇಲೆ ನನ್ನ ಬೇಡಕ್ಕೂ ಬಲವಿರಲಿಲ್ಲ. ಕಪ್ ಬರಲೇ ಇಲ್ಲ. ಆಮೇಲೆ ಲಿಫ್ಟರಿಗೆ ಕೆಲಸ ಸಿಕ್ಕಿ ಅರಸೀಕೆರೆ ಕಡೆ ಹೋದ, ಇನ್ನೊಬ್ಬ ಆಟೋ ತೆಗೆದುಕೊಂಡ, ತಂಡ ಹಾಗೇ ಚೆದುರಿತು.

ಸುತ್ತಿನ ಕಾಯನ್ನು ನೋಡಲು ನಾನು ಮತ್ತೆ ಅಟ್ಟ ಹತ್ತಲಿಲ್ಲ. ಆ ಬೇಸಿಗೆಯಲ್ಲೇ ಅದು ಒಣಗಿರುತ್ತದೆ ಎಂದು ತಿಳಿಯದವಳಲ್ಲ ನಾನು. ಹತ್ತಿದರೆ ಕುಲುಕಬೇಕಾಗುತ್ತಿತ್ತು. ನೋಡದೆ ಇರುವಷ್ಟು ದಿನ ಅದರಲ್ಲಿ ನೀರಿದೆ ಎಂದುಕೊಳ್ಳಬಹುದಿತ್ತು...

ಈಗ ಊರಲ್ಲಿ ಹೊಸ ಹುಡುಗರ ತಂಡವೊಂದು ಎದ್ದಿದೆ. ಶಾಲೆಯ ಪಕ್ಕದ ಬಯಲಿನಲ್ಲಿ ಕಬ್ಬಿಣದ ಕಂಬ ನೆಟ್ಟು ಆಡುತ್ತಾರೆ, ಮೇಲೆ ಯಾವ ಗರಿಯೂ ಇಲ್ಲ. ನಮ್ಮವರು ಸಂಜೆ ಹೋಗಿ ಹೇಳಿಕೊಡುತ್ತಾರೆ. ಎತ್ತರಕ್ಕೆ ಎತ್ರೋ, ಆಕಾಶ ಯಾರಪ್ಪಂದು ಎಂದು ಅವರು ಕೂಗುವುದು ಮನೆಗೆ ಕೇಳಿಸುತ್ತದೆ. ಶಿವರಾತ್ರಿಗೆ ಇನ್ನು ಒಂದೂವರೆ ತಿಂಗಳಿದೆ. ಈ ಸಲ ಹುಡುಗರು ಎತ್ತರವಾಗಿದ್ದಾರೆ, ಸರ್ವಿಸ್ ಚೆನ್ನಾಗಿದೆ, ಎಡಗೈಯ ಹುಡುಗನೊಬ್ಬ ಇದ್ದಾನೆ, ಈ ಸಲ ಬಂದರೂ ಬರಬಹುದು. ಇದನ್ನೆಲ್ಲ ಗೋಡೆಯಾಚೆಗೆ ಹೇಳಬೇಕು ಎಂದು ಬಾಯಿಗೆ ಬರುತ್ತದೆ. ಗೋಡೆಯಾಚೆ ಈಗ ಮರಳು, ಜಲ್ಲಿ ರಾಶಿ.

ಕಳೆದ ವಾರ ಅಟ್ಟದಲ್ಲಿ ಆ ಕಾಯನ್ನು ನೆಟ್ಟಿನಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಹಗುರಾಗಿತ್ತು. ಆಮೇಲೆ ಕುಲುಕಿದೆ. ಸಣ್ಣ ಸದ್ದು, ಅವರ ಮರದ್ದೇ. ಕುಲುಕಿ, ಏನೂ ಯೋಚಿಸದೆ, ಏಣಿಯ ಬುಡದ ಕಡೆ ನೋಡುತ್ತಾ ಕಾದೆ.

ಕೆಳಗೆ ಮಾವ ನಿಂತಿದ್ದರು. ಕತ್ತೆತ್ತಿ, ಏನಮ್ಮ ಅದು ಎಂದು ಕೇಳಿದರು.

“ಕಾಯಿ ಮಾವ. ಒಣಗೈತೆ,” ಎಂದೆ.

“ಒಣಗ್ದೆ ಏನಮ್ಮ? ಒಂಬತ್ತು ವರ್ಷ ಆಯ್ತಲ್ಲ,” ಎಂದರು ಅವರು, ಮೆಲ್ಲಗೆ.

ನಾನು ಕಾಯನ್ನು ಕಿವಿಗೆ ಒತ್ತಿಕೊಂಡು ಇನ್ನೊಮ್ಮೆ, ಬಹಳ ನಿಧಾನವಾಗಿ ಅಲ್ಲಾಡಿಸಿದೆ. ಎಲ್ಲಾದರೂ ಒಂದು ಹನಿ ಉಳಿದಿರಬಹುದೇನೋ ಎಂದು. ಉಳಿದಿರಲಿಲ್ಲ.